ಲೆಕ್ಕವಿಟ್ಟು ಹೇಳುವ ಸುಳ್ಳು: ಲಿನಕ್ಸ್ ಮನೆಯ ಅತಿಥಿಗಳು



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಗಣಿತದ ಮೇಷ್ಟ್ರು. ಉಪನ್ಯಾಸ ಕನ್ನಡದಲ್ಲೇ ಇರಬೇಕು, ಕೇಳಿದವರು ಮನೆಗೆ ಹೋಗಿ ಏನನ್ನಾದರೂ ಬಿಚ್ಚಿ ನೋಡುವಂತಿರಬೇಕು ಎಂದು ಅವರು ಬಯಸಿದ್ದರಂತೆ. ಮೊದಲನೆಯದು ನನ್ನ ಜವಾಬ್ದಾರಿ, ಎರಡನೆಯದು ನಿಮ್ಮದು.

ಬಹಳ ವರ್ಷ ಸರ್ವರ್ ಕೋಣೆಗಳ ಚಳಿಯಲ್ಲಿ ಕೂತು ಕೆಲಸ ಮಾಡಿದವನು ನಾನು. ಇವತ್ತು ಹೇಳಹೊರಟಿರುವುದು ಒಂದು ಲಿನಕ್ಸ್ ಸರ್ವರಿನ ಹೊಟ್ಟೆಯೊಳಗೆ ಹತ್ತಾರು ಕಂಪ್ಯೂಟರುಗಳನ್ನು ಇಟ್ಟು ಸಾಕುವ ಕೆಲಸದ ಬಗ್ಗೆ. ಹೊರಗಿನದು ಆತಿಥೇಯ, ಒಳಗಿನವು ಅತಿಥಿಗಳು. ನಮ್ಮ ಹುಡುಗರು ಹೋಸ್ಟ್, ಗೆಸ್ಟ್ ಎನ್ನುತ್ತಾರೆ; ಅವಸರವಿದ್ದರೆ ಬರೀ ‘ವಿಎಂ’, ಅಂದರೆ ವರ್ಚುವಲ್ ಮಷೀನ್. ಅತಿಥಿ ಎಂಬ ಮಾತಿನ ಬಗ್ಗೆ ನನಗೆ ಸಣ್ಣ ತಕರಾರಿದೆ. ಮನೆಗೆ ಬಂದ ನೆಂಟನಿಗೆ ತಾನು ಬೇರೆಯವರ ಮನೆಯಲ್ಲಿದ್ದೇನೆಂದು ಗೊತ್ತಿರುತ್ತದೆ, ಚಪ್ಪಲಿ ಎಲ್ಲಿ ಬಿಡಬೇಕೆಂದು ಕೇಳುತ್ತಾನೆ. ಈ ಅತಿಥಿಗೆ ಅದು ಗೊತ್ತಿಲ್ಲ. ಪ್ರೊಸೆಸರು ತನ್ನದು, ಮೆಮೊರಿ ತನ್ನದು, ಡಿಸ್ಕು ತನ್ನದು ಎಂದೇ ಅದು ನಂಬಿ ಬೂಟ್ ಆಗುತ್ತದೆ.

ಅತಿಥಿಗಿಂತ ವಠಾರ ಇಲ್ಲಿಗೆ ಹೆಚ್ಚು ಒಪ್ಪುತ್ತದೆ. ನಾನು ಬೆಳೆದದ್ದು ಅಂಥ ಒಂದರಲ್ಲಿ. ಏಳು ಮನೆ, ಒಂದು ಬಾವಿ, ಗೋಡೆಯ ಮೇಲೆ ಒಂದು ದೊಡ್ಡ ಕರೆಂಟ್ ಮೀಟರು, ಅದರ ಕೆಳಗೆ ಏಳು ಸಬ್‌ಮೀಟರು. ಬಾಡಿಗೆಗೆ ಬಂದ ಪ್ರತಿಯೊಬ್ಬರಿಗೂ ಯಜಮಾನರು ಹೇಳುತ್ತಿದ್ದದ್ದು ಒಂದೇ ಮಾತು: ‘ನೀರಿಗೇನೂ ತೊಂದರೆ ಇಲ್ಲ.’ ಏಳೂ ಮನೆಯವರು ಒಟ್ಟಿಗೆ ಸೇದಿದರೆ ಅರ್ಧ ಗಂಟೆಯಲ್ಲಿ ಬಾವಿ ತಳ ಕಾಣುತ್ತದೆಂದು ಅವರಿಗೆ ಗೊತ್ತಿತ್ತು. ಒಟ್ಟಿಗೆ ಯಾರೂ ಸೇದುವುದಿಲ್ಲ ಎಂಬುದೂ ಗೊತ್ತಿತ್ತು. ವರ್ಷಕ್ಕೊಂದು ಸಂಜೆ ಮಾತ್ರ, ದೀಪಾವಳಿಯ ನೀರು ತುಂಬುವ ಹಬ್ಬದ ದಿನ, ಆ ಲೆಕ್ಕ ಕೆಡುತ್ತಿತ್ತು. ಹಂಡೆ ತೊಳೆದಿಟ್ಟುಕೊಂಡು ಏಳು ಮನೆಯ ಹೆಂಗಸರೂ ಬಾವಿಕಟ್ಟೆಗೆ ಬರುತ್ತಿದ್ದರು. ಆ ದಿನ ಬೆಳಗ್ಗೆಯೇ ಯಜಮಾನರು ಯಾರ ಸರದಿ ಯಾವಾಗ ಎಂದು ಚೀಟಿ ಬರೆದು ಹಗ್ಗದ ಕಂಬಕ್ಕೆ ಅಂಟಿಸುತ್ತಿದ್ದರು. ಸರ್ವರ್ ನೋಡಿಕೊಳ್ಳುವುದನ್ನು ನಾನು ಕಲಿತದ್ದು ಆ ಚೀಟಿಯಿಂದ ಎಂದರೆ ಉತ್ಪ್ರೇಕ್ಷೆಯೇನಲ್ಲ.

ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ಈ ಇಡೀ ಏರ್ಪಾಡು ಒಂದು ಸುಳ್ಳು. ಅತಿಥಿಯನ್ನು ಹುಟ್ಟಿಸುವುದು ಹತ್ತು ನಿಮಿಷದ ಕೆಲಸ. ಯಾರಿಗೆ ಏನೇನು ಹೇಳಿದ್ದೇವೆ ಎಂದು ಲೆಕ್ಕ ಇಟ್ಟುಕೊಳ್ಳುವುದು ಉಳಿದ ಐದಾರು ವರ್ಷಗಳ ಕೆಲಸ.

ಈ ಸುಳ್ಳು ಹೊಸದಲ್ಲ. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂನ ವಿಜ್ಞಾನ ಕೇಂದ್ರದಲ್ಲಿ ಸಿಪಿ-40 ಎಂಬ ವ್ಯವಸ್ಥೆ 1967ರಲ್ಲಿ ಬಳಕೆಗೆ ಬಂತು. ಒಂದು ಸಿಸ್ಟಂ 360 ಯಂತ್ರವನ್ನು ಅದು 14 ಯಂತ್ರಗಳೆಂದು ತೋರಿಸುತ್ತಿತ್ತು. ಕಂಪ್ಯೂಟರ್ ಕೋಣೆಯಷ್ಟು ದೊಡ್ಡದಿದ್ದ, ಬಂಗಲೆಯಷ್ಟು ದುಬಾರಿಯಿದ್ದ ಕಾಲ, ಹಂಚಿಕೊಳ್ಳದೆ ಗತಿಯಿರಲಿಲ್ಲ. ಅದರ ಮಗ ಸಿಪಿ-67, ಮೊಮ್ಮಗ 1972ರ ವಿಎಂ 370. ಎರಡು ವರ್ಷ ಕಳೆದು ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಇಬ್ಬರು, ಯಾವ ಪ್ರೊಸೆಸರಿನ ಮೇಲೆ ಈ ಸುಳ್ಳು ನಿಲ್ಲುತ್ತದೆ, ಯಾವುದರ ಮೇಲೆ ನಿಲ್ಲುವುದಿಲ್ಲ ಎಂಬುದಕ್ಕೆ ಗಣಿತದ ನಿಯಮವನ್ನೇ ಬರೆದರು. ನಿಯಮದ ಸಾರ ಇಷ್ಟು: ಯಂತ್ರದ ಸ್ಥಿತಿಯನ್ನು ಮುಟ್ಟುವ ಆದೇಶವನ್ನು ಬಾಡಿಗೆದಾರ ಕೊಟ್ಟಾಗಲೆಲ್ಲ ಯಜಮಾನನ ಮನೆಯ ಗಂಟೆ ಬಾರಿಸಬೇಕು.

ನಮ್ಮ ಮೇಜಿನ ಮೇಲಿನ ಇಂಟೆಲ್ ಮಾದರಿಯ ಪ್ರೊಸೆಸರಿನಲ್ಲಿ ಗಂಟೆ ಬಾರಿಸದ ಆದೇಶಗಳಿದ್ದವು. ರಾಬಿನ್ ಮತ್ತು ಇರ್ವಿನ್ 2000ದಲ್ಲಿ ಪೆಂಟಿಯಂನಲ್ಲಿ ಅಂಥವನ್ನು ಎಣಿಸಿದಾಗ 17 ಸಿಕ್ಕವು. ಅವುಗಳಲ್ಲಿ ‘ಪಾಪ್‌ಎಫ್’ ಎಂಬುದೊಂದು. ಅಧಿಕಾರವಿಲ್ಲದವನು ಅದರ ಮೂಲಕ ಇಂಟರಪ್ಟುಗಳನ್ನು ನಿಲ್ಲಿಸಹೊರಟರೆ ‘ಆಗಲ್ಲ’ ಎಂದು ಪ್ರೊಸೆಸರು ಕೂಗುವುದಿಲ್ಲ, ಕೇಳಿಸದವರ ಹಾಗೆ ಸುಮ್ಮನಿದ್ದುಬಿಡುತ್ತದೆ. ಅತಿಥಿ ‘ಆಯಿತು’ ಎಂದುಕೊಂಡು ಮುಂದೆ ಹೋಗುತ್ತದೆ, ಆತಿಥೇಯನಿಗೆ ವಿಷಯವೇ ತಲುಪುವುದಿಲ್ಲ. ಬೈದು ಕಳಿಸುವ ಗುಮಾಸ್ತನಿಗಿಂತ ಅರ್ಜಿ ತೆಗೆದುಕೊಂಡು ಡ್ರಾಯರಿನಲ್ಲಿ ಇಟ್ಟುಬಿಡುವ ಗುಮಾಸ್ತ ಹೆಚ್ಚು ಅಪಾಯಕಾರಿ ಎಂದು ತಾಲ್ಲೂಕು ಕಚೇರಿ ಕಂಡವರಿಗೆಲ್ಲ ಗೊತ್ತು. 1998ರಲ್ಲಿ ಹುಟ್ಟಿದ ವಿಎಂವೇರ್, ಓಡುತ್ತಿರುವ ಪ್ರೋಗ್ರಾಮಿನೊಳಗಿನ ಅಂಥ ಆದೇಶಗಳನ್ನು ನಡುದಾರಿಯಲ್ಲೇ ಹಿಡಿದು ತಿದ್ದಿ ಬರೆಯುವ ಸಾಹಸ ಮಾಡಿತು. ಬ್ರಿಟನ್ನಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು 2003ರಲ್ಲಿ ಲೋಕದ ಮುಂದಿಟ್ಟ ಝೆನ್, ಅತಿಥಿಗೇ ನಿಜ ಹೇಳಿ ಅದರ ತಿರುಳನ್ನು ತಿದ್ದಿಸಿತು. 2005–06ರಲ್ಲಿ ಇಂಟೆಲ್ ಮತ್ತು ಎಎಂಡಿ ತಂತಮ್ಮ ಪ್ರೊಸೆಸರುಗಳಲ್ಲೇ ಅತಿಥಿಗೊಂದು ಪ್ರತ್ಯೇಕ ಅಂಕಣ ಕಟ್ಟಿಕೊಟ್ಟವು. ಅಲ್ಲಿಗೆ ಗಂಟೆಯ ಜಗಳ ಹೆಚ್ಚುಕಡಿಮೆ ತೀರಿತು.

ನನಗೆ ಇಷ್ಟವಾದ ಘಟ್ಟ ಇದರ ನಂತರದ್ದು. ಇಸ್ರೇಲಿನ ಕುಮ್ರಾನೆಟ್ ಎಂಬ ಸಣ್ಣ ಕಂಪನಿಯಲ್ಲಿದ್ದ ಅವಿ ಕಿವಿಟಿ 2006ರ ಅಕ್ಟೋಬರಿನಲ್ಲಿ ಕೆವಿಎಂ ಎಂಬ ತೇಪೆಯನ್ನು ಲಿನಕ್ಸ್ ಬಳಗದ ಮುಂದಿಟ್ಟರು. 2007ರ ಫೆಬ್ರವರಿಯಲ್ಲಿ ಬಂದ 2.6.20ನೇ ಕರ್ನೆಲ್ಲಿನಲ್ಲಿ, ಅಂದರೆ ಲಿನಕ್ಸಿನ ತಿರುಳಿನಲ್ಲಿ, ಅದು ಸೇರಿಯೇಬಿಟ್ಟಿತು. ಅಷ್ಟು ಬೇಗ ಒಪ್ಪಿಗೆಯಾಗಲು ಕಾರಣ ಅದರ ಗಾತ್ರ ಸಣ್ಣದಿದ್ದದ್ದು. ಹಲವರಿಗೆ ಸರದಿ ಹಂಚುವುದು, ಮೆಮೊರಿ ಹಂಚುವುದು, ಡಿಸ್ಕು ಕಾಯುವುದು ಎಲ್ಲವನ್ನೂ ಲಿನಕ್ಸ್ ಮೊದಲೇ ಬಲ್ಲದು. ವಠಾರಕ್ಕೆ ಹೊಸ ಯಜಮಾನನನ್ನು ಕರೆತರುವ ಬದಲು ಇದ್ದ ಮನೆಯವನಿಗೇ ಬೀಗದಕೈ ಕೊಟ್ಟರು. ಹೀಗಾಗಿ ಕೆವಿಎಂನಲ್ಲಿ ಅತಿಥಿಯೆಂದರೆ ಆತಿಥೇಯನ ಕಣ್ಣಿಗೆ ಬರೀ ಒಂದು ಪ್ರೋಸೆಸ್, ಬ್ರೌಸರ್ ಇದ್ದ ಹಾಗೆ. ಅತಿಥಿಯ ಒಂದೊಂದು ಪ್ರೊಸೆಸರೂ ಅದರೊಳಗಿನ ಒಂದೊಂದು ಎಳೆ. ಡಿಸ್ಕು, ನೆಟ್‌ವರ್ಕ್ ಕಾರ್ಡು, ಪರದೆ ಮೊದಲಾದ ವೇಷಗಳನ್ನು ಕಟ್ಟಲು ಫ್ರಾನ್ಸಿನ ಫ್ಯಾಬ್ರೀಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಎಮು ಇತ್ತು. ಇವೆರಡರ ಮುಂದೆ ಕೂತು ಕಡತ ನೋಡಿಕೊಳ್ಳುವ ಶ್ಯಾನುಭೋಗ ಲಿಬ್‌ವರ್ಟ್. ಕುಮ್ರಾನೆಟ್ಟನ್ನು 2008ರಲ್ಲಿ ರೆಡ್ ಹ್ಯಾಟ್ ಕೊಂಡಿತು. ನೀವು ಹೆಸರು ಕೇಳಿರುವ ಗೂಗಲ್ಲಿನ ಬಾಡಿಗೆ ಯಂತ್ರಗಳ ತಳದಲ್ಲಿರುವುದೂ ಕೆವಿಎಂ ಆಧಾರದ ತಂತ್ರವೇ.

ಇನ್ನು ಕಟ್ಟುವ ಕೆಲಸ. ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇದು ಬೇಗ ಮುಗಿಯುವಂಥದೇ. ಪ್ರೊಸೆಸರಿನ ಲಕ್ಷಣಗಳ ಪಟ್ಟಿಯಲ್ಲಿ ಇಂಟೆಲ್ ಆದರೆ ‘ವಿಎಂಎಕ್ಸ್’, ಎಎಂಡಿ ಆದರೆ ‘ಎಸ್‌ವಿಎಂ’ ಇದೆಯೇ ನೋಡಿ. ಕಾಣದಿದ್ದರೆ ಬಹಳ ಸಲ ಯಂತ್ರದ ತಪ್ಪಲ್ಲ, ಬಯೋಸ್‌ನಲ್ಲಿ ಯಾರೋ ಅದನ್ನು ಮುಚ್ಚಿಟ್ಟಿರುತ್ತಾರೆ. ಕ್ಯೂಎಮು, ಲಿಬ್‌ವರ್ಟ್ ಹಾಕಿಕೊಂಡು, ‘ವರ್ಟ್-ಇನ್‌ಸ್ಟಾಲ್’ಗೆ ಹೆಸರು, ಮೆಮೊರಿ, ಪ್ರೊಸೆಸರ್ ಎಷ್ಟು, ಡಿಸ್ಕು ಎಷ್ಟು ಎಂದು ಹೇಳಿದರೆ ಅತಿಥಿ ಹುಟ್ಟಿತು. ಅದರ ಜಾತಕ ಒಂದು ಎಕ್ಸ್‌ಎಂಎಲ್ ಕಡತ. ಆ ಕಡತವನ್ನು ನೇರವಾಗಿ ತಿದ್ದಬೇಡಿ, ಲಿಬ್‌ವರ್ಟ್‌ನ ಆದೇಶವಾದ ‘ವಿರ್ಶ್ ಎಡಿಟ್’ ಮೂಲಕ ತಿದ್ದಿ. ಇಲ್ಲದಿದ್ದರೆ ಶ್ಯಾನುಭೋಗರು ತಮ್ಮ ಹಳೆಯ ಪ್ರತಿಯನ್ನೇ ಮತ್ತೆ ಮೇಲೆ ಬರೆದುಬಿಡಬಹುದು.

ಒಂದು ವಿಚಿತ್ರ ಇಲ್ಲಿಯೇ ಎದುರಾಗುತ್ತದೆ. ಸುಳ್ಳು ಪೂರ್ತಿಯಾದಷ್ಟೂ ಅತಿಥಿ ನಿಧಾನ. ಅದಕ್ಕೆ ಹಳೆಯ ಇಂಟೆಲ್ ನೆಟ್‌ವರ್ಕ್ ಕಾರ್ಡನ್ನೋ ಐಡಿಇ ಡಿಸ್ಕನ್ನೋ ತೋರಿಸಿದರೆ ಅದು ನಂಬಿ, ಇಲ್ಲದ ಕಾರ್ಡಿನ ಇಲ್ಲದ ಗುಂಡಿಗಳನ್ನೆಲ್ಲ ಒತ್ತುತ್ತ ಕೂರುತ್ತದೆ. ಒಂದೊಂದು ಒತ್ತಿಗೂ ಆತಿಥೇಯ ಎದ್ದು ಬಂದು ನಟಿಸಬೇಕು. ಆಸ್ಟ್ರೇಲಿಯಾದ ರಸ್ಟಿ ರಸಲ್ ರೂಪಿಸಿದ ವರ್ಟ್‌ಐಒ ಈ ನಾಟಕವನ್ನು ಬಿಟ್ಟುಕೊಡುತ್ತದೆ. ‘ನೀನು ಅತಿಥಿ, ಇದು ನಿಜವಾದ ಕಾರ್ಡಲ್ಲ, ಇಬ್ಬರಿಗೂ ಕೈಗೆಟಕುವ ಈ ಜಗಲಿಯ ಮೇಲೆ ಮೂಟೆ ಇಡು, ನಾನು ಒಯ್ಯುತ್ತೇನೆ’ ಎಂಬ ಒಪ್ಪಂದ. ವೇಗ ಹಲವು ಪಟ್ಟು ಏರುತ್ತದೆ. ಲಿನಕ್ಸ್ ಅತಿಥಿಗಳು ಈ ಒಪ್ಪಂದ ಬಲ್ಲವು. ವಿಂಡೋಸ್ ಅತಿಥಿಗೆ ಮಾತ್ರ ಮೊದಲೇ ಚಾಲಕ ತಂತ್ರಾಂಶದ ಡಿಸ್ಕು ತೋರಿಸಬೇಕು, ಇಲ್ಲದಿದ್ದರೆ ಅನುಸ್ಥಾಪನೆಯ ನಡುವೆ ‘ಡಿಸ್ಕೇ ಇಲ್ಲ’ ಎಂದು ಕೈಚೆಲ್ಲಿ ಕೂರುತ್ತದೆ.

ಮೆಮೊರಿಯ ವಿಷಯಕ್ಕೆ ಬರೋಣ, ಬಾವಿ ಬತ್ತುವುದು ಅಲ್ಲಿ. 32 ಜಿಬಿ ಇರುವ ಆತಿಥೇಯನ ಮೇಲೆ 8 ಜಿಬಿಯ ಐದು ಅತಿಥಿಗಳನ್ನು ಇಡಬಹುದೇ? ಇಡಬಹುದು, ಲಿನಕ್ಸ್ ತಡೆಯುವುದಿಲ್ಲ. ಅತಿಥಿ ಮುಟ್ಟುವವರೆಗೆ ಮೆಮೊರಿಯ ಪುಟವನ್ನು ಕೊಡದಿರುವ ಜಾಣತನ ಅದಕ್ಕಿದೆ. ಒಂದೇ ತೆರನ ಪುಟಗಳನ್ನು ಹುಡುಕಿ ಒಂದಾಗಿಸುವ ಕೆಎಸ್‌ಎಂ 2009ರಿಂದ ಕರ್ನೆಲ್ಲಿನಲ್ಲಿದೆ. ಬಲೂನು ಎಂಬ ತಮಾಷೆಯ ಉಪಾಯವೂ ಇದೆ: ಅತಿಥಿಯೊಳಗೆ ಕೂತ ಚಾಲಕವೊಂದು ಬಲೂನಿನಂತೆ ಊದಿಕೊಂಡು ಮೆಮೊರಿಯನ್ನು ಆಕ್ರಮಿಸುತ್ತದೆ, ಹಾಗೆ ಹಿಡಿದದ್ದನ್ನು ಹಿಂಬಾಗಿಲಿನಿಂದ ಆತಿಥೇಯನಿಗೆ ಹಸ್ತಾಂತರಿಸುತ್ತದೆ. ಇವೆಲ್ಲ ಎಂದಿನ ದಿನಗಳಿಗೆ ಸರಿ. ಐದೂ ಅತಿಥಿಗಳು ಒಟ್ಟಿಗೆ ತಮ್ಮ ಎಂಟೆಂಟು ಜಿಬಿ ಕೇಳಿದ ದಿನ ಕರ್ನೆಲ್ಲಿನ ಕಟುಕ, ಅಂದರೆ ಓಓಎಂ ಕಿಲ್ಲರ್, ಎದ್ದು ಬರುತ್ತಾನೆ. ಯಾರು ಹೆಚ್ಚು ಮೆಮೊರಿ ತಿಂದಿದ್ದಾರೆಂದು ನೋಡುತ್ತಾನೆ. ಅತಿಥಿಯೂ ಒಂದು ಪ್ರೋಸೆಸ್ ಎಂದೆನಲ್ಲ, ಕೆವಿಎಂನ ಸೊಬಗು ಈಗ ಶಾಪವಾಗುತ್ತದೆ. ಅವನ ಕಣ್ಣಿಗೆ ಮೊದಲು ಬೀಳುವುದು ಅತಿದೊಡ್ಡ ಅತಿಥಿ, ಬಹುತೇಕ ನಿಮ್ಮ ಡೇಟಾಬೇಸು. ಅದಕ್ಕೆ ಸಾಯುತ್ತಿದ್ದೇನೆಂಬುದೂ ತಿಳಿಯುವುದಿಲ್ಲ. ಒಳಗಿನ ಲಾಗಿನಲ್ಲಿ ಒಂದು ಸಾಲೂ ಇರುವುದಿಲ್ಲ. ಅತಿಥಿಯೊಳಗೇ ಕಾರಣ ಹುಡುಕುತ್ತ ರಾತ್ರಿ ಕಳೆದವರನ್ನು ನೋಡಿದ್ದೇನೆ. ಕೊಲೆಯ ದಾಖಲೆ ಇರುವುದು ಆತಿಥೇಯನ ಲಾಗಿನಲ್ಲಿ.

ಪ್ರೊಸೆಸರನ್ನು ಹೆಚ್ಚು ಹಂಚಿದರೆ ಯಾರೂ ಸಾಯುವುದಿಲ್ಲ, ನಿಧಾನವಾಗುತ್ತಾರೆ ಅಷ್ಟೆ. ಅದನ್ನು ಅಳೆಯಲು ಅತಿಥಿಯೊಳಗೆ ‘ಟಾಪ್’ ಓಡಿಸಿ ಮೇಲ್ಗಡೆಯ ಸಿಪಿಯು ಸಾಲಿನ ಕೊನೆಯಲ್ಲಿರುವ ‘ಎಸ್‌ಟಿ’ ನೋಡಿ. ಅದು ಕದ್ದ ಸಮಯದ ಪ್ರಮಾಣ: ಅತಿಥಿ ಓಡಲು ಸಿದ್ಧವಾಗಿದ್ದರೂ ಆತಿಥೇಯ ಬೇರೆಯವರಿಗೆ ಸರದಿ ಕೊಟ್ಟ ಹೊತ್ತು. ಯಜಮಾನನೇ ತನ್ನ ಕಳ್ಳತನವನ್ನು ಬಾಡಿಗೆದಾರನ ಸಬ್‌ಮೀಟರಿನಲ್ಲಿ ಬರೆದು ತೋರಿಸುವ ವಠಾರ ಇದೊಂದೇ ಇರಬೇಕು.

ಅತಿಥಿಗಳಿಗೂ ನೀರು ತುಂಬುವ ಹಬ್ಬವಿದೆ, ಅದೂ ದಿನಾಲೂ. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ನಿಗದಿತ ಕೆಲಸಗಳ ಪಟ್ಟಿಯಾದ ಕ್ರಾನ್ ಕಡತದಲ್ಲಿ ದಿನದ ಕೆಲಸಗಳಿಗೆ ಬೆಳಗ್ಗೆ 6 ಗಂಟೆ 25 ನಿಮಿಷ ಎಂದು ಬರೆದಿರುತ್ತದೆ. ಒಂದು ಯಂತ್ರಕ್ಕೆ ಅದು ನಿರುಪದ್ರವಿ. ಒಂದೇ ಆತಿಥೇಯನ ಮೇಲೆ ಇಪ್ಪತ್ತು ಡೆಬಿಯನ್ ಅತಿಥಿಗಳಿದ್ದರೆ ಇಪ್ಪತ್ತೂ ಅದೇ ನಿಮಿಷದಲ್ಲಿ ಹಂಡೆ ಹಿಡಿದು ಬಾವಿಕಟ್ಟೆಗೆ ಬರುತ್ತವೆ. ಡಿಸ್ಕು ಉಬ್ಬಸಪಡುತ್ತದೆ, ಆರೂವರೆಗೆ ಕೆಲಸ ಶುರುಮಾಡುವ ಯಾರಿಗೋ ಪುಟ ತೆರೆಯುವುದಿಲ್ಲ. ಪರಿಹಾರ ನಮ್ಮ ಯಜಮಾನರ ಚೀಟಿಯೇ. ಒಬ್ಬೊಬ್ಬರಿಗೂ ಐದೈದು ನಿಮಿಷ ಹಿಂದುಮುಂದು ಮಾಡುವುದು. ಈಗಿನ ಸಿಸ್ಟಂಡಿ ಟೈಮರುಗಳಲ್ಲಿ ಮನಬಂದಷ್ಟು ತಡಮಾಡಿ ಶುರುಮಾಡುವ ಅವಕಾಶ ಇದೆ, ಬಳಸಿಕೊಳ್ಳಿ. ಕರೆಂಟ್ ಹೋಗಿ ಬಂದಾಗ ಎಲ್ಲವೂ ಒಟ್ಟಿಗೆ ಏಳುವುದೂ ಇಂಥದೇ ಜಾತ್ರೆ. ನಮ್ಮ ಊರುಗಳಲ್ಲಿ ಅದಕ್ಕೆ ಹಬ್ಬವೂ ಬೇಕಾಗಿಲ್ಲ.

ಈಗ ನನ್ನದೇ ತಪ್ಪಿನ ಕತೆ. ಒಂದು ಸಂಸ್ಥೆಯಲ್ಲಿ 500 ಜಿಬಿ ಡಿಸ್ಕಿನ ಮೇಲೆ ಎಂಟು ಅತಿಥಿಗಳನ್ನು ಇಟ್ಟಿದ್ದೆ, ಪ್ರತಿಯೊಂದಕ್ಕೂ ‘ನಿನಗೆ 100 ಜಿಬಿ’ ಎಂದಿದ್ದೆ. ಕ್ಯೂಕೌ2 ಮಾದರಿಯ ಡಿಸ್ಕಿನ ಗುಣವೇ ಅದು. ಹುಟ್ಟಿದಾಗ ಅಂಗೈಯಷ್ಟಿರುತ್ತದೆ, ಬರೆದಂತೆಲ್ಲ ಬೆಳೆಯುತ್ತದೆ. ಎಂಟು ನೂರು ಜಿಬಿಯ ಮಾತು ಕೊಟ್ಟಿದ್ದೇನೆ, ಇರುವುದು ಐನೂರು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆ ಕೂಡ. ಹಾಳೆ ಎಲ್ಲಿ ಹೋಯಿತೋ. ಎರಡು ವರ್ಷದ ಮೇಲೆ ಒಂದು ತಿಂಗಳ ಕೊನೆಯ ದಿನ, ಸಂಬಳದ ಲೆಕ್ಕ ನಡೆಯುತ್ತಿದ್ದಾಗ, ಅತಿಥಿಗಳು ಒಂದಾದ ಮೇಲೊಂದು ನಿಂತವು. ಸತ್ತಿರಲಿಲ್ಲ, ಕಲ್ಲಾಗಿದ್ದವು. ಮಕ್ಕಳು ‘ಸ್ಟ್ಯಾಚು’ ಎಂದು ಕೂಗಿ ಆಡುತ್ತಾರಲ್ಲ, ಹಾಗೆ. ಪಿಂಗ್‌ಗೆ ಉತ್ತರವಿಲ್ಲ. ‘ವಿರ್ಶ್ ಲಿಸ್ಟ್’ ನೋಡಿದರೆ ಎಲ್ಲದರ ಮುಂದೂ ‘ಪಾಜ್ಡ್’, ಅಂದರೆ ತಡೆದು ನಿಲ್ಲಿಸಲಾಗಿದೆ, ಎಂದಿದೆ.

ನಡೆದದ್ದು ಇಷ್ಟೇ. ಆತಿಥೇಯನ ಡಿಸ್ಕು ತುಂಬಿತ್ತು. ಬರೆಯಲು ಜಾಗ ಕೇಳಿದ ಅತಿಥಿಗೆ ‘ಡಿಸ್ಕು ಕೆಟ್ಟಿದೆ’ ಎಂದು ಹೇಳುವ ಬದಲು ಕ್ಯೂಎಮು ಅದನ್ನು ಇದ್ದ ಜಾಗದಲ್ಲೇ ನಿಲ್ಲಿಸುತ್ತದೆ. ಸುಳ್ಳು ಸಿಕ್ಕಿಬೀಳುವ ಹೊತ್ತಿಗೆ ಗಡಿಯಾರವನ್ನೇ ಹಿಡಿದುಬಿಡುವ ಈ ಕ್ರಮವನ್ನು ಯೋಚಿಸಿದವರಿಗೆ ನಾನು ಋಣಿ. ಒಂದು ಬೈಟೂ ಹಾಳಾಗಿರಲಿಲ್ಲ. ಹಳೆಯ ಅನುಸ್ಥಾಪನಾ ಡಿಸ್ಕುಗಳ ಪ್ರತಿಗಳನ್ನು ಅಳಿಸಿ ಜಾಗ ಮಾಡಿದೆ, ‘ವಿರ್ಶ್ ರೆಸ್ಯೂಮ್’ ಎಂದೆ, ಎಲ್ಲವೂ ಅರ್ಧಕ್ಕೆ ನಿಲ್ಲಿಸಿದ ವಾಕ್ಯವನ್ನು ಮುಂದುವರಿಸಿದವು. ಅವುಗಳ ಗಡಿಯಾರ ಮಾತ್ರ ನಲವತ್ತು ನಿಮಿಷ ಹಿಂದಿತ್ತು. ಹಾಜರಿ ಯಂತ್ರದಲ್ಲಿ ಆ ಸಂಜೆ ಕೆಲವರು ಹೊರಟ ಮೇಲೆ ಬಂದಂತೆ ದಾಖಲಾಗಿ, ಮರುದಿನ ನಾನು ಉತ್ತರ ಹೇಳಬೇಕಾಯಿತು.

ಆಮೇಲೆ ತಿಳಿದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಚುಚ್ಚಿತು. ಅತಿಥಿಗಳೊಳಗೆ ಬೇಕಾದಷ್ಟು ಜಾಗ ಖಾಲಿ ಇತ್ತು. ಅವು ತಿಂಗಳುಗಳಿಂದ ಹಳೆಯ ಕಡತಗಳನ್ನು ಅಳಿಸುತ್ತಲೇ ಇದ್ದವು. ಅಳಿಸಿದ್ದು ಆತಿಥೇಯನಿಗೆ ಗೊತ್ತಾಗುವುದಿಲ್ಲ. ಬಾಡಿಗೆದಾರ ಒಳಕೋಣೆ ಖಾಲಿ ಮಾಡಿದ್ದಾನೆ, ಯಜಮಾನನ ಪುಸ್ತಕದಲ್ಲಿ ಅದು ತುಂಬಿದ ಕೋಣೆ. ಡಿಸ್ಕಿನ ಜಾತಕದಲ್ಲಿ ‘ಡಿಸ್ಕಾರ್ಡ್’ ಅನ್ನು ‘ಅನ್‌ಮ್ಯಾಪ್’ ಎಂದು ಬರೆದು, ಅತಿಥಿಯೊಳಗೆ ಆಗಾಗ ‘ಎಫ್‌ಎಸ್‌ಟ್ರಿಮ್’ ಓಡಿಸಿದರೆ ಖಾಲಿಯಾದದ್ದು ಹಿಂದಕ್ಕೆ ಬರುತ್ತದೆ. ಒಂದು ಪದ, ಒಂದು ಆದೇಶ.

ಡಿಸ್ಕಿನ ಬಗ್ಗೆ ಇನ್ನೊಂದು ಮಾತು ಹೇಳಿ ಬಿಡುತ್ತೇನೆ. ಸ್ನ್ಯಾಪ್‌ಶಾಟ್ ಇದೆಯಲ್ಲ, ಬ್ಯಾಕಪ್ ಬೇಕಿಲ್ಲ ಎನ್ನುವವರು ಇನ್ನೂ ಇದ್ದಾರೆ. ಸ್ನ್ಯಾಪ್‌ಶಾಟ್ ಎಂದರೆ ಕ್ರಯಪತ್ರಕ್ಕೆ ಅಂಟಿಸಿದ ತಿದ್ದುಪಡಿ ಪತ್ರ. ಮೂಲ ಡಿಸ್ಕು ಹಾಗೇ ಉಳಿದು, ಬದಲಾವಣೆಗಳು ಮಾತ್ರ ಹೊಸ ಕಡತಕ್ಕೆ ಹೋಗುತ್ತವೆ. ಮೂಲಪತ್ರ ಗೆದ್ದಲು ತಿಂದರೆ ತಿದ್ದುಪಡಿಯನ್ನು ಹಿಡಿದುಕೊಂಡು ಯಾವ ಕೋರ್ಟಿಗೆ ಹೋಗುತ್ತೀರಿ? ಒಂದೇ ಮೂಲ ಡಿಸ್ಕಿನ ಮೇಲೆ ಹತ್ತು ಅತಿಥಿಗಳನ್ನು ಕಟ್ಟಿರುವಾಗ ಮೂಲದ ಒಂದು ಅಕ್ಷರ ತಿದ್ದಿದರೂ ಹತ್ತೂ ಕೆಡಬಹುದು.

ನೆಟ್‌ವರ್ಕಿನದು ವಿಳಾಸದ ಪ್ರಶ್ನೆ. ಲಿಬ್‌ವರ್ಟ್ ತಾನಾಗಿ ಕಟ್ಟುವ ಜಾಲದಲ್ಲಿ ಅತಿಥಿಗಳಿಗೆ 192.168.122ರಿಂದ ಶುರುವಾಗುವ ವಿಳಾಸ ಸಿಗುತ್ತದೆ. ಅವು ಹೊರಗೆ ಬರೆಯಬಹುದು, ಹೊರಗಿನವರು ನೇರವಾಗಿ ಅವುಗಳಿಗೆ ಬರೆಯಲಾಗದು. ‘ಕೇರ್ ಆಫ್ ಯಜಮಾನರು’ ಎಂದು ಕಾಗದ ಬರುತ್ತಿದ್ದ ಕಾಲದ ಹಾಗೆ. ಬೀದಿಯಲ್ಲೇ ಅದರದೇ ಅಂಚೆಪೆಟ್ಟಿಗೆ ಬೇಕೆಂದರೆ ಬ್ರಿಜ್ ಕಟ್ಟಬೇಕು, ತಂತಿಯ ಕಾರ್ಡಿನ ಮೇಲೆ. ವೈಫೈ ಮೇಲೆ ಬ್ರಿಜ್ ಕಟ್ಟಹೊರಟು ವಾರಾಂತ್ಯ ಹಾಳು ಮಾಡಿಕೊಳ್ಳಬೇಡಿ. ತನ್ನಲ್ಲಿ ಹೆಸರು ಬರೆಸದ ವಿಳಾಸದಿಂದ ಬಂದ ಮಾತನ್ನು ವೈಫೈ ಪೆಟ್ಟಿಗೆ ಸಾಮಾನ್ಯವಾಗಿ ಒಪ್ಪುವುದೇ ಇಲ್ಲ.

ಗೋಡೆಗಳ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತೀರಿ. ಒಬ್ಬ ಬಾಡಿಗೆದಾರ ಪಕ್ಕದ ಮನೆಗೆ ಕನ್ನ ಕೊರೆಯಬಹುದೇ? 2015ರ ಮೇ ತಿಂಗಳಲ್ಲಿ ‘ವೆನಮ್’ ಎಂಬ ದೋಷ ಹೊರಬಿತ್ತು. ಅದು ಇದ್ದದ್ದು ಕ್ಯೂಎಮುವಿನ ಫ್ಲಾಪಿ ಡ್ರೈವಿನಲ್ಲಿ. ಹೌದು, ಫ್ಲಾಪಿ! 2004ರಿಂದ ಅಲ್ಲಿ ಕೂತಿತ್ತು. ನೀವು ಅತಿಥಿಗೆ ಫ್ಲಾಪಿ ಕೊಡದೆ ಇದ್ದರೂ ಅದನ್ನು ನಡೆಸುವ ಭಾಗ ಒಳಗಿರುತ್ತಿದ್ದರಿಂದ ಬಿರುಕು ತೆರೆದೇ ಇತ್ತು. ಅದರ ಮೂಲಕ ಅತಿಥಿ ಹೊರಬಂದು ಆತಿಥೇಯನ ಅಂಗಳದಲ್ಲಿ ನಿಲ್ಲಬಹುದಿತ್ತು. ಅಂದಿನಿಂದ ನಾನು ಜಾತಕ ಬರೆಯುವಾಗ ಸೌಂಡ್ ಕಾರ್ಡು, ಟ್ಯಾಬ್ಲೆಟ್ಟು, ಬೇಡದ್ದನ್ನೆಲ್ಲ ತೆಗೆಯುತ್ತೇನೆ. ಹೇಳಿದ ಒಂದೊಂದು ಸುಳ್ಳನ್ನೂ ಯಾರೋ ಒಂದು ದಿನ ಪರೀಕ್ಷಿಸುತ್ತಾರೆ. ಅತಿಥಿಗೊಂದು ಮುದ್ರೆ ಒತ್ತಿ, ಆ ಮುದ್ರೆಯ ಕಡತಗಳನ್ನಷ್ಟೇ ಮುಟ್ಟಲು ಬಿಡುವ ಎಸ್‌ವರ್ಟ್ ಎಂಬ ಕಾವಲನ್ನು, ತೊಂದರೆ ಕೊಡುತ್ತದೆಂದು ಆರಿಸಬೇಡಿ.

ಆರಿಸುವುದೆಂದಾಗ ನೆನಪಾಯಿತು, ಆದೇಶಗಳ ಹೆಸರು. ‘ವಿರ್ಶ್ ಶಟ್‌ಡೌನ್’ ಎಂದರೆ ವಿನಂತಿ. ಅತಿಥಿಯ ಪವರ್ ಗುಂಡಿ ಮೆಲ್ಲಗೆ ಒತ್ತಿದಂತೆ. ಕೇಳಿದರೆ ಕೇಳಿತು, ಇಲ್ಲದಿದ್ದರೆ ಇಲ್ಲ. ‘ವಿರ್ಶ್ ಡಿಸ್ಟ್ರಾಯ್’ ಎಂದರೆ ಪ್ಲಗ್ ಕೀಳುವುದು, ಅಷ್ಟೇ. ಹೆಸರು ಕೇಳಿ ಎಲ್ಲವೂ ನಾಶವಾಗುತ್ತದೆಂದು ಹೆದರಿ ಒಬ್ಬ ಹುಡುಗ ಹೆಪ್ಪುಗಟ್ಟಿದ ಅತಿಥಿಯನ್ನು ಎರಡು ದಿನ ಹಾಗೇ ಬಿಟ್ಟಿದ್ದ. ನಿಜವಾಗಿ ಹೆದರಬೇಕಾದ್ದು ಸಾಧುವಿನಂತೆ ಕಾಣುವ ‘ಅನ್‌ಡಿಫೈನ್’ಗೆ. ಅದು ಜಾತಕವನ್ನೇ ಹರಿಯುತ್ತದೆ. ಸಂಗ್ರಹವನ್ನೂ ತೆಗೆ ಎಂಬ ಬಾಲ ಸೇರಿಸಿದರೆ ಡಿಸ್ಕೂ ಹೋಯಿತು.

ನನ್ನ ಮನೆಯ ಯಂತ್ರದಲ್ಲೂ ಒಂದು ಅತಿಥಿ ಇದೆ, ವಿಂಡೋಸ್ ಎಕ್ಸ್‌ಪಿ. ಅದರ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಆದರೂ ಇಟ್ಟುಕೊಂಡಿದ್ದೇನೆ, ಏಕೆಂದರೆ ಯುನಿಕೋಡ್ ಬಳಕೆಗೆ ಬರುವ ಮೊದಲು ಬರಹ, ನುಡಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕೂಡಿಸಿಟ್ಟ ಕನ್ನಡ ಕಡತಗಳು ಊರೆಲ್ಲ ಬಿದ್ದಿವೆ. ಆ ಫಾಂಟುಗಳಲ್ಲಿ ‘ಕ’ ಎಂಬುದು ‘ಕ’ ಅಲ್ಲ. ಒಂದು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಬಿಡಿಸಿದ ಚಿತ್ರ. ಹೊಸ ಯಂತ್ರದಲ್ಲಿ ತೆರೆದರೆ ಪುಟದ ತುಂಬ ಗೊಜ್ಜು. ಅಚ್ಚುಕೂಟ ಮುಚ್ಚಿದ ಗೆಳೆಯರು ಸೀಡಿ ತಂದುಕೊಡುತ್ತಾರೆ, ನಾನು ಈ ಅತಿಥಿಯನ್ನು ಎಬ್ಬಿಸಿ, ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ ತೆರೆದು, ಅಕ್ಷರಗಳನ್ನು ಹೊರಗೆ ತರುತ್ತೇನೆ. ಅದಕ್ಕೆ ನೆಟ್‌ವರ್ಕ್ ಕಾರ್ಡನ್ನೇ ಕೊಟ್ಟಿಲ್ಲ.

ಈ ಉಪನ್ಯಾಸಕ್ಕೆ ಹೊರಡುವ ಹಿಂದಿನ ರಾತ್ರಿ ಒಬ್ಬರ ನಾಟಕದ ಹಸ್ತಪ್ರತಿಗಾಗಿ ಅದನ್ನು ಎಬ್ಬಿಸಿದ್ದೆ. ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರ ಬಂತು. ಮೂಲೆಯಲ್ಲಿ ಹಳದಿ ಗುಳ್ಳೆಯೊಂದು ಎದ್ದು, ನಿಮ್ಮ ಕಂಪ್ಯೂಟರಿಗೆ ಅಪಾಯವಿರಬಹುದು ಎಂದು ಎಚ್ಚರಿಸಿತು. ಗುಳ್ಳೆಯನ್ನು ಮುಚ್ಚಿ, ಎರಡನೆಯ ಅಂಕದವರೆಗೆ ಪ್ರತಿ ಮಾಡಿಕೊಂಡೆ. ಮೂರನೆಯದಕ್ಕೆ ಬಂದಾಗ ಮತ್ತೆ ಎದ್ದಿತು. ಆಗ ‘ವಿರ್ಶ್ ಶಟ್‌ಡೌನ್’ ಎಂದೆ. ಅದು ಕೇಳಲಿಲ್ಲ; ಪೇಜ್‌ಮೇಕರ್ ಉಳಿಸಬೇಕೇ ಎಂದು ಕೇಳುತ್ತ ನಿಂತಿತ್ತು. ಬೇಡ ಎಂದು ಒತ್ತಿ ಕಾದೆ.